ಕಾರಿನ ಥಳುಕು, ಹೊಳೆಯ ಕೊಳಕು

ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟುವ ಘಟಪ್ರಭೆಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಜಲಾಶಯವಾಗಿ ನಿಲ್ಲುತ್ತದೆ. ಧೂಪದಾಳದ ಒಡ್ಡಿನಲ್ಲಿ ಕಾಲುವೆಗೆ ನೀರು ಕೊಟ್ಟು, ಗೋಕಾಕದ ಬಳಿ 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಮೂಡಲಗಿ ಸೀಮೆಯ ಕಬ್ಬು, ಗೋವಿನಜೋಳಗಳಿಗೆ ಈ ನೀರೇ ಆಧಾರ. ಬೆಳಗಾವಿ ನಗರವೂ ಹಿಡಕಲ್ಲಿನ ನೀರನ್ನು ಕುಡಿಯುತ್ತದೆ. ಹೊಳೆ ಕೆಟ್ಟಿತೆಂಬ ಮಾತು ಬಂದಾಗಲೆಲ್ಲ ನಾವು ಕಾರ್ಖಾನೆಗಳತ್ತ ಬೆರಳು ತೋರುತ್ತೇವೆ. ತೋರಲೇಬೇಕು. ಆದರೆ ನಮ್ಮದೇ ಅಂಗಳದಲ್ಲಿ ಮಿರಮಿರನೆ ಮಿಂಚುತ್ತ ನಿಂತಿರುವ ಕಾರಿನತ್ತ ಆ ಬೆರಳು ಏಕೆ ತಿರುಗುವುದಿಲ್ಲ?

ಕಾರು ಕೊಂಡವರೆಲ್ಲರೂ ಪರಿಸರದ ವೈರಿಗಳೆಂದು ಸಾರುವುದು ನಮ್ಮ ಉದ್ದೇಶವಲ್ಲ. ಕೊನೆಯ ಬಸ್ಸು ಹೋದ ಮೇಲೆ ಹೆರಿಗೆ ನೋವಿನ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸಲು ಹಳ್ಳಿಗೊಂದು ಕಾರು ಬೇಕೇ ಬೇಕು. ನಮ್ಮ ತಕರಾರು ಇರುವುದು ಕಾರಿನ ಮೋಹ ಹಿಡಿದಿರುವ ಅಡ್ಡದಾರಿಯ ಬಗ್ಗೆ. ಅಲಂಕಾರಕ್ಕೆ ಬಿಚ್ಚುವ ಕೈ ಆರೈಕೆಗೆ ಏಕೆ ಬಿಗಿಯಾಗುತ್ತದೆ?

ಪೂಜೆ ಮುಗಿದು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯ್ದದ್ದೇ ತಡ, ಶೃಂಗಾರ ಆರಂಭವಾಗುತ್ತದೆ. ಮೂತಿಗೆ ಉಕ್ಕಿನ ಗಾರ್ಡು, ಗಾಜಿಗೆ ಕರಿ ಫಿಲ್ಮು, 60/55 ವ್ಯಾಟಿನ ಹೆಡ್‌ಲೈಟ್ ಬಲ್ಬು ಇದ್ದಲ್ಲಿ 100/90 ವ್ಯಾಟಿನದು, ಹತ್ತಾರು ರಾಗದ ಹಾರನ್ನು. ಗಾರ್ಡು ಕಾರನ್ನು ಕಾಯುತ್ತದೆಂಬುದು ಭ್ರಮೆ. ಅದು ಏರ್‌ಬ್ಯಾಗಿನ ಸೆನ್ಸಾರಿಗೆ ಅಡ್ಡಿಯಾಗಬಲ್ಲದು, ಅಡ್ಡ ಬಂದ ಪಾದಚಾರಿಯ ಎಲುಬನ್ನು ಮುರಿಯಬಲ್ಲದು. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಮುಂದಿನ, ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದ ಗಾಜಿನಲ್ಲಿ ಶೇಕಡಾ 50ರಷ್ಟು ಬೆಳಕು ಹಾಯಲೇಬೇಕೆಂಬುದು ನಿಯಮ. ಕರಿ ಫಿಲ್ಮಿನ ವಿರುದ್ಧ ಸುಪ್ರೀಂ ಕೋರ್ಟು 2012ರಲ್ಲಿಯೇ ತೀರ್ಪು ಕೊಟ್ಟಿತು. ನಿಯಮ ಮೀರಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸವನ್ನು 2019ರ ತಿದ್ದುಪಡಿ ವಿಧಿಸಿದೆ. ಆದರೂ ಇವೆಲ್ಲ ಹಾಡಹಗಲೇ ಬಿಕರಿಯಾಗುತ್ತಿವೆ.

ಇಷ್ಟೆಲ್ಲ ಖರ್ಚು ಮಾಡಿದ ಒಡೆಯನಿಗೆ ಟಯರಿನ ಗಾಳಿ ನೋಡಿಸಲು ವ್ಯವಧಾನವಿಲ್ಲ. ಗಾಳಿ ಕಡಿಮೆಯಾದಷ್ಟೂ ಟಯರು ಬೇಗ ಸವೆಯುತ್ತದೆ, ಇಂಧನ ಹೆಚ್ಚು ಉರಿಯುತ್ತದೆ. ಏರ್‌ಫಿಲ್ಟರಿನಲ್ಲಿ ಕೆಂಪು ಧೂಳು ತುಂಬಿರುತ್ತದೆ. ಹೊಗೆ ತಪಾಸಣೆಯ ಚೀಟಿ ಎಂದೋ ಮುಗಿದಿರುತ್ತದೆ. ಎಂಜಿನ್ ಆಯಿಲ್ ಬದಲಿಸುವಾಗಲಂತೂ ಒಂದೇ ಪ್ರಶ್ನೆ: ‘ಎಷ್ಟು ಅಗ್ಗ?’ ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಎಷ್ಟು ಮಂದಿ?

ಓದುಗರೇ, ಕೇಳಬೇಕಾದ ಪ್ರಶ್ನೆ ಇದೊಂದೇ. ಸಣ್ಣ ಕಾರಿನ ಹೊಟ್ಟೆಯಿಂದ ಒಮ್ಮೆಗೆ ಮೂರು-ನಾಲ್ಕು ಲೀಟರ್ ಕರಿ ಎಣ್ಣೆ ಇಳಿಯುತ್ತದೆ. ಎಂಜಿನ್ನಿನಲ್ಲಿ ಸವೆದ ಲೋಹದ ಕಣಗಳೂ ಕಾವಿನಲ್ಲಿ ಹುಟ್ಟಿದ ಕ್ಯಾನ್ಸರ್‌ಕಾರಕ ರಾಸಾಯನಿಕಗಳೂ ಅದರಲ್ಲಿ ಬೆರೆತಿರುತ್ತವೆ. ಒಂದು ಸಲ ಬದಲಿಸಿದ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಅದನ್ನು ಗಟಾರಕ್ಕೆ ಸುರಿದರೆ ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ ಬಳಿದರೆ ಮಳೆಗೆ ತೊಳೆದು ಮಣ್ಣಿಗಿಳಿಯುತ್ತದೆ. ಒಲೆ-ಭಟ್ಟಿಗಳಲ್ಲಿ ಉರಿಸಿದರೆ ವಿಷವು ಹೊಗೆಯಾಗಿ ಎದೆಗಿಳಿಯುತ್ತದೆ.

‘ನನ್ನ ನಾಲ್ಕು ಲೀಟರಿನಿಂದ ಹೊಳೆ ಕೆಡುವುದೇ?’ ಎನ್ನುವವರಿದ್ದಾರೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ವಿಷಕ್ಕೂ ಅನ್ವಯಿಸುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿತು. ಅಂಥ ನೆರೆಯಲ್ಲಿ ನೆಲದ ಮೇಲೆ ಚೆಲ್ಲಿದ ಎಣ್ಣೆ, ಮೂಲೆಯಲ್ಲಿಟ್ಟ ಡಬ್ಬಿ, ಒಡೆದ ಬ್ಯಾಟರಿಯ ಆಮ್ಲ ಯಾವುದೂ ಗ್ಯಾರೇಜಿನಲ್ಲೇ ಉಳಿಯುವುದಿಲ್ಲ. ಕಾರೇ ಇಲ್ಲದ ಬಡವನ ಮನೆಯ ಹೊಸ್ತಿಲಿಗೂ ಅದು ಬಂದು ಮುಟ್ಟುತ್ತದೆ. ಸುಖ ಒಬ್ಬನಿಗೆ, ಕೊಳಕು ಎಲ್ಲರಿಗೆ! ಇದು ಯಾವ ನ್ಯಾಯ?

ದಾರಿ ಇಲ್ಲವೆಂದೇನಲ್ಲ. ಎಂಜಿನ್ ಆಯಿಲ್ ಕೊಳೆಯಾಗುತ್ತದೆಯೇ ಹೊರತು ಪೂರ್ತಿ ಸವೆದುಹೋಗುವುದಿಲ್ಲ. ಶುದ್ಧೀಕರಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಬಳಸಿದ ತೈಲವನ್ನು ಅಧಿಕೃತ ಮರುಸಂಸ್ಕರಣ ಘಟಕಗಳಿಗೇ ಕಳುಹಿಸಬೇಕೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ತೈಲ ತಯಾರಕರನ್ನೂ ಹೊಣೆಗಾರರನ್ನಾಗಿಸಿದೆ. ಹಳೆಯ ಬ್ಯಾಟರಿಗಳಿಗೆ 2022ರ ನಿಯಮಗಳಿವೆ. ಕೊರತೆ ಇರುವುದು ಹಳ್ಳಿ-ಪಟ್ಟಣಗಳಲ್ಲಿ ಸಂಗ್ರಹಿಸುವ ಕೈಗಳದು. ವಿದ್ಯುತ್ತಿಗಾಗಿ 1969ರಲ್ಲಿ ಗ್ರಾಮೀಣ ಸಹಕಾರ ಸಂಘ ಕಟ್ಟಿದ ನಾಡು ಹುಕ್ಕೇರಿ. ಕಂಬ ನೆಟ್ಟು ಮನೆಮನೆಗೆ ಬೆಳಕು ಮುಟ್ಟಿಸಿದ ಸಹಕಾರಕ್ಕೆ ಗ್ಯಾರೇಜುಗಳಿಂದ ಕರಿ ಎಣ್ಣೆಯ ಡ್ರಮ್ಮು ಒಟ್ಟುಗೂಡಿಸುವುದು ಅಸಾಧ್ಯವೇ?

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಪಟ್ಟಣಗಳಲ್ಲಿ ಸ್ಥಳೀಯ ಸಂಸ್ಥೆಗಳು ಬಳಸಿದ ಆಯಿಲ್ ಸಂಗ್ರಹ ಕೇಂದ್ರ ತೆರೆಯಲಿ. ಗ್ಯಾರೇಜಿಗೆ ಪರವಾನಗಿ ಕೊಡುವಾಗ ಆಯಿಲ್‌ನ ಲೆಕ್ಕ ಕೇಳಲಿ. ಹೊಳೆಯ ದಂಡೆಯಲ್ಲಿ ವಾಹನ ತೊಳೆಯುವುದನ್ನು ತಡೆಯಲಿ. ನಿಷೇಧಿತ ಅಲಂಕಾರವನ್ನು ತೊಟ್ಟವನಷ್ಟೇ ಅಲ್ಲ, ಮಾರಿದವನೂ ದಂಡ ತೆರಲಿ.

ವಿದ್ಯಾರ್ಥಿ ಮಿತ್ರರೇ, ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯಬೇಕಿಲ್ಲ. ನಿಮ್ಮೂರಿನ ಗ್ಯಾರೇಜುಗಳನ್ನು ಎಣಿಸಿ. ವಾರಕ್ಕೆ ಎಷ್ಟು ಲೀಟರ್ ಇಳಿಯುತ್ತದೆ, ಯಾರು ಒಯ್ಯುತ್ತಾರೆ ಎಂದು ಬರೆದಿಡಿ. ಮೆಕ್ಯಾನಿಕ್ ಅಣ್ಣಂದಿರನ್ನು ಗದರಬೇಡಿ. ದಿನವಿಡೀ ಆ ಎಣ್ಣೆಯಲ್ಲಿ ಕೈಯದ್ದುವ ಅವರೇ ಇದರ ಮೊದಲ ಬಲಿಗಳು. ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಕಾರನ್ನು ಪ್ರೀತಿಸುವವರು ಅದರ ಮೂತಿಯನ್ನಷ್ಟೇ ಒರೆಸದೆ, ಅದು ಬಿಟ್ಟುಹೋಗುವ ಕೊಳೆಗೂ ಹೊಣೆಗಾರರಾಗಲಿ.