ಅಗ್ಗದ ಲ್ಯಾಪ್‌ಟಾಪಿಗೂ ಅವಧಿಯುಂಟು

ಮಕ್ಕಳ ಓದಿಗೆಂದು ತಿಂಗಳ ಸಂಬಳ ಹಿಡಿದು ಕರೋಲ್ ಬಾಗಿನ ಗಫಾರ್ ಮಾರ್ಕೆಟಿನಲ್ಲಿ ಹಳೆಯ ಕ್ರೋಮ್‌ಬುಕ್ ವಿಚಾರಿಸುವ ನಮ್ಮವರಿದ್ದಾರೆ. ಕೊಳ್ಳುವುದು ಯೋಗ್ಯವೇ. ಈ ಯಂತ್ರದ ಅಡಿಗೆಮನೆ ಇರುವುದು ಗೂಗಲ್ಲಿನ ಉಗ್ರಾಣದಲ್ಲಿ, ನಮ್ಮೆದುರಿಗಿರುವುದು ಬರಿಯ ತಟ್ಟೆ. ಆದುದರಿಂದಲೇ ಅಗ್ಗ.

ಆದರೆ ಹಣ ಎಣಿಸುವ ಮುನ್ನ ಸೆಟ್ಟಿಂಗ್ಸ್ ತೆರೆಯಿಸಿ, ಅಪ್‌ಡೇಟ್ ಯಾವ ವರ್ಷಕ್ಕೆ ನಿಲ್ಲುತ್ತದೆಂದು ನೋಡತಕ್ಕದ್ದು. 2021ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷ ಕೊಡುವುದಾಗಿ ಗೂಗಲ್ 2023ರಲ್ಲಿ ಸಾರಿತು. ಆ ಲೆಕ್ಕ ಮಾದರಿಯ ಪ್ಲಾಟ್‌ಫಾರ್ಮ್ ಮೊದಲು ಹೊರಬಂದಂದಿನಿಂದ. ನಾವು ಕೊಂಡ ದಿನವನ್ನು ಅಲ್ಲಿ ಕೇಳುವವರಿಲ್ಲ. ಶಾಲೆಯೋ ಕಂಪನಿಯೋ ಹಿಡಿತ ಬಿಡದ ಯಂತ್ರವಾದರೆ ಎಷ್ಟು ತೊಳೆದರೂ ಅವರದೇ ಲಾಗಿನ್ ಕೇಳುತ್ತದೆ. ಅಂಥದು ಪುಕ್ಕಟೆ ಕೊಟ್ಟರೂ ಬೇಡ.

ಯಂತ್ರ ನಿಂತುಹೋದರೆ ರಿಫ್ರೆಶ್ ಕೀಲಿ ಒತ್ತಿಹಿಡಿದು ಪವರ್ ಒತ್ತಿರಿ. ಅದಕ್ಕೂ ಬಗ್ಗದಿದ್ದರೆ ಪವರ್‌ವಾಶ್ ಮಾಡಿರಿ. ಡೌನ್‌ಲೋಡ್ಸಿನಲ್ಲಿಟ್ಟುದು ಅಳಿಯುತ್ತದೆ, ಡ್ರೈವಿಗೆ ಸೇರಿದ್ದು ಉಳಿಯುತ್ತದೆ. ಇಷ್ಟಕ್ಕೆ ರಿಪೇರಿ ಅಂಗಡಿಗೆ ಕೂಲಿ ತೆರಬೇಕಾಗಿಲ್ಲ.

ನಮಗೆ ಹೆಚ್ಚು ಭಯವಿರುವುದು ಬೇರೆಡೆ. ಹೋಟೆಲು ಬದಲಾದಂತೆ ಸಿಮ್ಮೂ ಬದಲಿಸುವುದು ನಮ್ಮಲ್ಲಿ ವಾಡಿಕೆ. ಖಾತೆ ಹಳೆಯ ನಂಬರಿಗೇ ಅಂಟಿಕೊಂಡಿದ್ದರೆ, ಪಾಸ್‌ವರ್ಡ್ ಮರೆತ ದಿನ ಒ.ಟಿ.ಪಿ. ಇನ್ನಾರದೋ ಫೋನಿಗೆ ಹೋದೀತು, ಮಗುವಿನ ನೋಟ್ಸೆಲ್ಲ ಬೀಗದೊಳಗಾದೀತು. ಮೊದಲು ಖಾತೆಯಲ್ಲಿ ಹೊಸ ನಂಬರು ಬರೆಯಿಸಿರಿ, ಸಿಮ್ ಬಿಸಾಡುವುದು ಆಮೇಲೆ.