ಟ್ರ್ಯಾಕ್ಟರ್ ಕಾದರೆ ಬಿಸಿಲಿಗೂ ಡ್ರೈವರಿಗೂ ಬೈಯೋದು ಬಿಡ್ರಿ, ಮೊದಲು ಬಾನೆಟ್ ಎತ್ರಿ



ಈ ಸಲ ಬರೆಯೋದು ಬೆಳೆ ಬಗ್ಗೆ ಅಲ್ಲ, ಟ್ರ್ಯಾಕ್ಟರ್ ಬಗ್ಗೆ. ನಮ್ಮ ಮಾನ್ವಿ, ಸಿರವಾರ ಕಡೆ ಎಂಜಿನ್ ಕಾಯೋದು ಮಾಮೂಲಿ ಆಗಿಬಿಟ್ಟಿದೆ. ಕಾದು ನಿಂತ ಗಾಡಿ ಮುಂದೆ ಮೂರು ಮಾತು ಕೇಳ್ತೀವಿ. ಮಾಲೀಕ "ಡ್ರೈವರ್ ಹುಚ್ಚಾಪಟ್ಟೆ ಹೊಡೆದಾನ" ಅಂತಾನೆ. ಡ್ರೈವರ್ "ಬಿಸಿಲೇ ಹಂಗೈತ್ರಿ" ಅಂತಾನೆ. ಮೇಸ್ತ್ರಿ "ವಾಲ್ವ್ ಕಿತ್ತು ಹಾಕ್ತೀನಿ, ಇನ್ಮ್ಯಾಲೆ ಕಾಯಂಗಿಲ್ಲ" ಅಂತಾನೆ. ಈ ಮೂರರಲ್ಲಿ ಒಂದೂ ಕಾರಣ ಹುಡುಕೋ ಮಾತಲ್ಲ. ಎಂಜಿನ್ ಕಾಯೋದು ಅಂದ್ರೆ ಅದು ನಮಗೆ ಹೇಳೋ ದೂರು. ದೂರು ಕೇಳೋದು ಬಿಟ್ಟು ಬಾಯಿ ಮುಚ್ಚಿಸ್ತೀವಿ. ಅದಕ್ಕೇ ಕೊನೆಗೆ ಹೆಡ್ ಬಿಚ್ಚೋ ತನಕ ಹೋಗ್ತದೆ.

ನಮಗೆ ಇದು ಯಾಕೆ ದೊಡ್ಡ ವಿಷಯ ಅಂದ್ರೆ, ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು. ಮೇಲಿನವರ ಗದ್ದೆ ತುಂಬಿದ ಮೇಲೆ ನಮಗೆ ನೀರು. ಬಂದ ನೀರು ಎಷ್ಟು ದಿನ ನಿಲ್ತದೆ ಅನ್ನೋ ಭರವಸೆ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಎಷ್ಟು ಮಂದಿ ನಿದ್ದೆಗೆಟ್ವಿ ಅಂತ ನಿಮಗೆ ಗೊತ್ತು. ನೀರು ಬಂದ ವಾರದಲ್ಲೇ ಎಲ್ಲರೂ ಕೇಜ್ ವೀಲ್ ಹಾಕಿ ಕೆಸರಿಗೆ ಇಳಿತೀವಿ. ಸ್ವಂತ ಟ್ರ್ಯಾಕ್ಟರ್ ಇಲ್ಲದ ಮೂರು ನಾಲ್ಕು ಎಕರೆಯವರು ಬಾಡಿಗೆ ಗಾಡಿ ನಂಬಿಕೊಂಡಿರ್ತಾರೆ. ಒಂದು ಗಾಡಿ ಎರಡು ದಿನ ನಿಂತರೆ ಐದು ಮನೆ ನಾಟಿ ನಿಂತಂಗೆ. ಸಸಿ ಬಲಿತು ಹೋಗ್ತದೆ, ನಾಟಿ ಆಳು ಬೇರೆ ಊರಿಗೆ ಹೋಗ್ತಾರೆ. ನೀರು ಬಿಡೋದು ನಮ್ಮ ಕೈಯಾಗಿಲ್ಲ, ರೇಡಿಯೇಟರ್ ನಮ್ಮ ಕೈಯಾಗಿದೆ.

ಮೊದಲು ಬಿಸಿಲಿನ ಮಾತು ನೋಡೋಣ. ಡೀಸೆಲ್ ಉರಿದು ಬರೋ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರ್ತದೆ. ಉಳಿದದ್ದರಲ್ಲಿ ಒಂದಿಷ್ಟು ಸೈಲೆನ್ಸರ್ ದಾರಿಯಿಂದ, ಒಂದಿಷ್ಟು ರೇಡಿಯೇಟರ್ ದಾರಿಯಿಂದ ಹೊರಗೆ ಹೋಗಬೇಕು. ರೇಡಿಯೇಟರಿನ ನೀರು 90 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಇದ್ದರೆ ನಡುವೆ 60ರ ಅಂತರ ಇರ್ತದೆ. ನಮ್ಮ ಮೇ ತಿಂಗಳಲ್ಲಿ ಗಾಳಿ 42 ಆದರೆ ಅಂತರ 48ಕ್ಕೆ ಇಳಿತದೆ. ಅಂದ್ರೆ ತಣ್ಣಗಾಗೋ ಶಕ್ತಿಯಲ್ಲಿ ಐದನೇ ಒಂದು ಪಾಲು ಹೋಯ್ತು. ಬಿಸಿಲಿಗೂ ಪಾಲು ಇದೆ, ಒಪ್ತೀನಿ. ಆದರೆ ಗಾಡಿ ಮಾಡೋವಾಗಲೇ ಬಿಸಿಲಿನ ಲೆಕ್ಕ ಇಟ್ಟು ಮಾಡಿರ್ತಾರೆ. ರೇಡಿಯೇಟರಿನ ಅರ್ಧ ಮುಖ ಹೊಟ್ಟಿನಿಂದ ಮುಚ್ಚಿದ್ದರೆ ಅದು ಬಿಸಿಲಿನ ತಪ್ಪಲ್ಲ. ಬರೀ ಬಿಸಿಲೇ ಕಾರಣ ಆಗಿದ್ದರೆ ಮೋಡ ಕವಿದ ಜುಲೈ, ಆಗಸ್ಟಿನಲ್ಲಿ ಕೆಸರು ಗದ್ದೆಯಲ್ಲಿ ಗಾಡಿ ಯಾಕೆ ಕಾಯಬೇಕು?

ಗಾಡಿ ಕಾದಾಗ ಕೇಳಬೇಕಾದ ಮೊದಲ ಪ್ರಶ್ನೆ "ಯಾವಾಗ ಕಾಯ್ತದೆ?" ಅನ್ನೋದು. ಅರ್ಧ ಉತ್ತರ ಅದರಲ್ಲೇ ಇದೆ.

ಚಾಲೂ ಮಾಡಿದ ಹತ್ತು ನಿಮಿಷಕ್ಕೇ, ಖಾಲಿ ನಿಂತಾಗಲೂ ಕಾದರೆ ಬೆಲ್ಟ್, ನೀರಿನ ಪಂಪ್ ಅಥವಾ ಮುಚ್ಚಿಕೊಂಡೇ ಸಿಕ್ಕ ಥರ್ಮೋಸ್ಟಾಟ್ ನೋಡ್ರಿ. ಖಾಲಿ ಇದ್ದಾಗ ಸರಿ ಇದ್ದು, ರೋಟಾವೇಟರ್ ಹಾಕಿ ಒಂದು ತಾಸು ಹೊಡೆದ ಮೇಲೆ ಕಾದರೆ ರೇಡಿಯೇಟರ್ ಹೊರಗೆ ಹೊಟ್ಟು ಕೂತಿರ್ತದೆ, ಇಲ್ಲಾ ಒಳಗೆ ಉಪ್ಪು ಕಟ್ಟಿರ್ತದೆ. ದಿನಾ ನೀರು ಕಡಿಮೆ ಆಗ್ತಿದ್ದು ಎಲ್ಲೂ ಸೋರಿದ ಗುರುತು ಇಲ್ಲದಿದ್ದರೆ, ತಣ್ಣಗಿದ್ದಾಗ ಮುಚ್ಚಳ ತೆಗೆದು ಚಾಲೂ ಮಾಡಿ ನೋಡ್ರಿ. ಬಿಡದೆ ಗುಳ್ಳೆ ಬರ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಮಜ್ಜಿಗೆ ಹಂಗೆ ಬೆಳ್ಳಗಾಗಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರೋ ಸಾಧ್ಯತೆ ಹೆಚ್ಚು. ಅದು ನಮ್ಮ ಕೆಲಸ ಅಲ್ಲ, ಗಾಡಿ ನಿಲ್ಲಿಸಿ ಒಳ್ಳೆ ಮೇಸ್ತ್ರಿ ಹತ್ತಿರ ಹೋಗ್ರಿ.

ಖರ್ಚಿಲ್ಲದ್ದನ್ನು ಮೊದಲು ನೋಡ್ರಿ. ನೆಲ್ಲು ಕಟಾವಾದ ಮೇಲೆ ಹುಲ್ಲಿನ ಧೂಳು, ಎರಿ ಹೊಲದ ಮಣ್ಣು, ಹತ್ತಿ ಹೊಲದ ಎಳೆ ಎಲ್ಲಾ ಸೇರಿ ರೇಡಿಯೇಟರಿನ ತೆಳು ಪಟ್ಟಿಗಳ ನಡುವೆ ಕಂಬಳಿ ಹೊದಿಸಿದಂಗೆ ಕೂಡ್ತದೆ. ಮುಂದಿನ ಜಾಲರಿ ಒರೆಸಿದರೆ ಸಾಲದು. ಬಹಳಷ್ಟು ಟ್ರ್ಯಾಕ್ಟರಿನಲ್ಲಿ ಫ್ಯಾನ್ ಮುಂದಿನಿಂದ ಗಾಳಿ ಎಳಿತದೆ, ಹಂಗಾಗಿ ಕಸ ಮುಂದಿನ ಮುಖಕ್ಕೆ ಅಂಟ್ತದೆ. ಗಾಳಿ ಹೊಡೆಯೋದು ಎಂಜಿನ್ ಕಡೆಯಿಂದ ಮುಂದಕ್ಕೆ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗ್ತದೆ. ಎಣ್ಣೆ ಜಿಡ್ಡು ಇದ್ದರೆ ಸೋಪಿನ ನೀರು ಹಾಕಿ ನೆನೆಸಿ, ಮೆಲ್ಲಗೆ ತೊಳಿರಿ. ಸರ್ವಿಸ್ ಸ್ಟೇಷನ್ ಪೈಪು ಹತ್ತಿರ ಹಿಡಿದು ಹೊಡೆದರೆ ಪಟ್ಟಿ ಮಡಚಿ ಗಾಳಿ ದಾರಿನೇ ಮುಚ್ತದೆ. ಹಳೇ ಐಷರ್ ಹಂಗೆ ಗಾಳಿಯಿಂದಲೇ ತಣ್ಣಗಾಗೋ ಎಂಜಿನ್ ಇದ್ದವರು ಸಿಲಿಂಡರ್ ಸುತ್ತಿನ ರೆಕ್ಕೆಗಳ ನಡುವಿನ ಮಣ್ಣು ತೆಗೀರಿ.

ಆಮೇಲೆ ಫ್ಯಾನ್ ಬೆಲ್ಟ್. ಎಂಜಿನ್ ಬಂದ್ ಇದ್ದಾಗ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ಬಹಳ ಬಗ್ಗಿದರೆ ಜಾರ್ತದೆ, ಬಗ್ಗದೇ ಇದ್ದರೆ ಪಂಪಿನ ಬೇರಿಂಗ್ ತಿಂತದೆ. ಫ್ಯಾನಿನ ಸುತ್ತ ಇರೋ ತಗಡಿನ ಬಳೆ ಮುರಿದರೆ ಬಹಳ ಮಂದಿ ಬಿಚ್ಚಿ ಮೂಲೆಗೆ ಎಸೀತಾರೆ. ಅದು ಇದ್ದರೇನೇ ಫ್ಯಾನ್ ಇಡೀ ರೇಡಿಯೇಟರಿನಿಂದ ಗಾಳಿ ಎಳೆಯೋದು.

ಮುಚ್ಚಳನೂ ಬರೀ ಮುಚ್ಚೋ ಸಾಮಾನಲ್ಲ. ಕುಕ್ಕರ್ ಹಂಗೆ ಒತ್ತಡ ಹಿಡಿತದೆ, ಹಂಗಾಗಿ ಒಳಗಿನ ನೀರು 100 ದಾಟಿದರೂ ಕುದಿಯಂಗಿಲ್ಲ. ರಬ್ಬರ್ ಹರಿದ ಮುಚ್ಚಳಕ್ಕೆ ಬಟ್ಟೆ ಸುತ್ತಿ ಕೂಡ್ರಿಸಿದ್ದು ನೋಡೀನಿ. ಆ ಗಾಡಿ ಕಾಯದೆ ಇನ್ನೇನು ಮಾಡ್ತದೆ?

ಈಗ ನೀರಿನ ಮಾತು. ನಮ್ಮಲ್ಲಿ ಬಹಳ ಬೋರಿನ ನೀರು ಸವಳು. ಬಚ್ಚಲ ಹಂಡೆಯೊಳಗೆ ಕೈ ಹಾಕಿ ನೋಡ್ರಿ, ಸುಣ್ಣದಂಥ ಬಿಳಿ ಪದರು ಸಿಗ್ತದೆ. ಅದೇ ಪದರು ಎಂಜಿನ್ ಒಳಗಿನ ನೀರಿನ ದಾರಿಯಲ್ಲೂ ಕಟ್ತದೆ. ಆ ಪದರು ಶಾಖ ದಾಟಗೊಡಂಗಿಲ್ಲ. ಕಾಲುವೆಯ ರಾಡಿ ನೀರೂ ಬೇಡ, ಮಣ್ಣು ಕೆಳಗಿನ ಕೊಳವೆಗಳಲ್ಲಿ ಕೂಡ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ನೀರು ಸಾಕು, ಅದರಲ್ಲಿ ಕೂಲೆಂಟ್ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೆ ಬೆರೆಸ್ರಿ. "ಕೂಲೆಂಟ್ ಚಳಿ ದೇಶಕ್ಕೆ, ನಮಗ್ಯಾಕೆ" ಅಂತಾರೆ. ಅದು ತುಕ್ಕು ತಡೀತದೆ, ಕುದಿಯೋ ಮಟ್ಟ ಏರಿಸ್ತದೆ. ಎರಡೂ ನಮಗೇ ಹೆಚ್ಚು ಬೇಕು. ಮನೆಗೆ ಕುಡಿಯೋಕೆ ಘಟಕದ ನೀರು ತರ್ತೀವಿ, ಲಕ್ಷಗಟ್ಟಲೆ ಸಾಲದ ಗಾಡಿಗೆ ಕೊಳಚೆ ನೀರು ಹಾಕ್ತೀವಿ.

ಇನ್ನು ಮೇಸ್ತ್ರಿಯ ವಾಲ್ವ್, ಅಂದ್ರೆ ಥರ್ಮೋಸ್ಟಾಟ್. ಇದರ ಬಗ್ಗೆ ನಾನು ಗಟ್ಟಿಯಾಗೇ ಹೇಳ್ತೀನಿ. ಎಂಜಿನ್ ತಣ್ಣಗಿದ್ದಾಗ ಅದು ರೇಡಿಯೇಟರಿನ ದಾರಿ ಮುಚ್ಚಿ, ಸುಮಾರು 80 ಡಿಗ್ರಿ ಆದ ಮೇಲೆ ತೆರೀತದೆ. ಅದನ್ನು ಕಿತ್ತರೆ ಎಂಜಿನ್ ಸರಿಯಾದ ಬಿಸಿಗೇ ಬರಂಗಿಲ್ಲ. ಡೀಸೆಲ್ ಪೂರ್ತಿ ಉರಿಯಂಗಿಲ್ಲ, ಆಯಿಲ್ ಬೇಗ ಕೆಡ್ತದೆ, ಲೈನರ್ ಸವೀತದೆ. ಕೆಲವು ಎಂಜಿನ್ನಿನಲ್ಲಿ ಇದೇ ವಾಲ್ವ್ ತೆರೆಯುವಾಗ ಅಡ್ಡದಾರಿ ಮುಚ್ಚೋ ಕೆಲಸಾನೂ ಮಾಡ್ತದೆ. ಅಲ್ಲಿ ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಿಂದ ತಿರುಗಿ ಬಂದು ಎಂಜಿನ್ ಇನ್ನೂ ಕಾಯ್ತದೆ. ಕೆಟ್ಟಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸ್ರಿ. ನೀರು ಕುದಿಯೋದರೊಳಗೆ ಬಾಯಿ ತೆರೆದರೆ ಅದು ಸರಿ ಇದೆ. ತೆರೀಲಿಲ್ಲ ಅಂದ್ರೆ, ಅದರ ಮೇಲೆ ಒತ್ತಿದ ನಂಬರಿನದೇ ಹೊಸದು ಹಾಕ್ರಿ.

ಮೇಸ್ತ್ರಿ ಒಬ್ಬನದೇ ತಪ್ಪು ಅಂತ ನಾನು ಹೇಳಂಗಿಲ್ಲ. "ಹೆಂಗಾರ ಮಾಡಿ ಇವತ್ತು ನಡಸು" ಅಂತ ತಲೆ ಮೇಲೆ ಕೂಡೋರು ನಾವೇ. ಅವನು ಇವತ್ತಿನ ಮಟ್ಟಿಗೆ ನಡಸ್ತಾನೆ.

ಡ್ರೈವರ್ ವಿಷಯಕ್ಕೆ ಬರ್ತೀನಿ. ನಮ್ಮ ಪಕ್ಕದ ಊರಲ್ಲಿ ಹೆಡ್ ಬಾಗಿದ್ದಕ್ಕೆ ಡ್ರೈವರ್ ಕೂಲಿ ಹಿಡಿದರು. ಆ ಗಾಡಿಯ ಟೆಂಪರೇಚರ್ ಮೀಟರಿನ ಮುಳ್ಳು ಸತ್ತು ಎಷ್ಟೋ ದಿನ ಆಗಿತ್ತು. ಮುಳ್ಳು ಸತ್ತ ಗಾಡಿ ಕೊಟ್ಟು "ಕಾದದ್ದು ನಿನಗೆ ತಿಳೀಲಿಲ್ಲೇನು" ಅಂದ್ರೆ ನ್ಯಾಯ ಅಲ್ಲ. ಮೀಟರ್ ರಿಪೇರಿ ಮಾಲೀಕನ ಕೆಲಸ. ಮುಳ್ಳು ಕೆಂಪಿಗೆ ಬಂದರೆ ನಿಲ್ಲಿಸು, ಬಾಡಿಗೆ ಹೋದರೆ ಹೋಗಲಿ ಅಂತ ಹೇಳೋದೂ ಮಾಲೀಕನೇ. ಅಷ್ಟು ಕೊಟ್ಟ ಮೇಲೂ ಹೊಡೆದರೆ ಆಗ ಕೇಳ್ರಿ.

ಡ್ರೈವರ್ ತಮ್ಮಂದಿರಿಗೂ ಒಂದು ಮಾತು. ಕಾದ ತಕ್ಷಣ ಲೋಡ್ ಬಿಡಿಸಿ, ಪಿಟಿಓ ಬಂದ್ ಮಾಡಿ, ಕಡಿಮೆ ರೇಸಿನಲ್ಲಿ ಐದು ನಿಮಿಷ ಬಿಡ್ರಿ. ಬೆಲ್ಟ್ ಹರಿದಿದ್ದರೆ, ನೀರು ಖಾಲಿ ಆಗಿದ್ದರೆ, ಇಲ್ಲಾ ಮುಳ್ಳು ಇಳೀದೇ ಇದ್ದರೆ ಮಾತ್ರ ಅಲ್ಲೇ ಬಂದ್ ಮಾಡ್ರಿ. ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡ್ರಿ, ಮುಖ ಎದೆ ಸುಟ್ಟುಕೊಂಡವರನ್ನು ನೋಡೀವಿ. ಪೂರ್ತಿ ಆರಿದ ಮೇಲೆ ದಪ್ಪ ಬಟ್ಟೆ ಹಾಕಿ, ಮೊದಲ ಹಲ್ಲಿನ ತನಕ ತಿರುಗಿಸಿ, ಸುಯ್ ಅನ್ನೋದು ನಿಂತ ಮೇಲೆ ತೆಗೀರಿ. ಬೆಂಕಿಯಂಥ ಎಂಜಿನ್ನಿಗೆ ತಣ್ಣೀರು ಸುರಿಯೋದು ಕಾದ ಹಂಚಿಗೆ ನೀರು ಹೊಡೆದಂಗೆ, ಹೆಡ್ ಸೀಳ್ತದೆ.

ಕೊನೆಗೆ ಒಂದು ಬೇಡಿಕೆ. ರೈತ ಸಂಪರ್ಕ ಕೇಂದ್ರ, ಕೃಷಿ ಯಂತ್ರಧಾರೆಯವರು ಬಾಡಿಗೆಗೆ ಯಂತ್ರ ಕೊಡೋದರ ಜೊತೆಗೆ ಕಾಲುವೆಗೆ ನೀರು ಬಿಡೋ ಮೊದಲು ಹೋಬಳಿಗೆ ಒಂದು ದಿನ ಗಾಡಿ ತಪಾಸಣೆ ಇಡಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೇ ಇದೆ, ಆ ಹುಡುಗರು ಬರಲಿ. ನಮ್ಮ ಡ್ರೈವರುಗಳು ಕಲೀತಾರೆ, ಆ ಹುಡುಗರೂ ನಮ್ಮ ಕೆಸರು ನೋಡಿ ಕಲೀತಾರೆ. ಅಲ್ಲೀತನಕ ಊರಲ್ಲಿ ನಾಲ್ಕು ಟ್ರ್ಯಾಕ್ಟರಿನವರು ಸೇರಿ ಒಂದು ಏರ್ ಕಂಪ್ರೆಸರ್ ಇಟ್ಟುಕೊಂಡರೂ ಬಹಳ ಆಯ್ತು.

ನೀರು ಬಿಡೋ ತಾರೀಕು ಗೊತ್ತಾದ ದಿನಾನೇ ಬಾನೆಟ್ ಎತ್ತಿ ಹೊಟ್ಟು, ಬೆಲ್ಟ್, ಮುಚ್ಚಳ, ನೀರು ಇವಿಷ್ಟು ನೋಡಿಬಿಡ್ರಿ. ಅರ್ಧ ದಿನದ ಕೆಲಸ.