ಹಿತ್ತಲಿಗೆ ಬಂದ ಬಾಣಂತಿ



ಧರ್ಮದ ಬೇರನ್ನು ಕರುಣೆಯಲ್ಲಿ ಕಂಡವರು ಬಸವಣ್ಣನವರು. ಆ ವಚನವನ್ನು ನಾವು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದೇವೆ, ಸಭೆಗಳಲ್ಲಿ ಹಾಡಿದ್ದೇವೆ, ಮನೆಯ ಗೋಡೆಗೆ ಬರೆಸಿ ಹಾಕಿದ್ದೇವೆ. ಆ ಕರುಣೆಗೆ ಮನುಷ್ಯರು ಮಾತ್ರ ಪಾತ್ರರಲ್ಲ, ಉಸಿರಾಡುವ ಪ್ರತಿಯೊಂದು ಜೀವವೂ ಪಾತ್ರವೆಂಬುದನ್ನೂ ಬಲ್ಲೆವು. ಆದರೆ ವಚನದ ಪರೀಕ್ಷೆ ಸಭೆಯಲ್ಲಿ ನಡೆಯುವುದಿಲ್ಲ. ಬೀದಿಯ ಬೆಕ್ಕೊಂದು ನಮ್ಮ ಹಿತ್ತಲ ಸೌದೆಯ ಮರೆಯಲ್ಲಿ ಮರಿ ಹಾಕಿದ ದಿನ ನಡೆಯುತ್ತದೆ. ಆ ಪರೀಕ್ಷೆಯಲ್ಲಿ ನಮ್ಮಲ್ಲಿ ಹೆಚ್ಚಿನವರು ಸೋಲುತ್ತಿದ್ದೇವೆ ಎಂಬುದನ್ನು ನೇರವಾಗಿ ಹೇಳುವುದೇ ಇಂದಿನ ಚಿಂತನೆಯ ಉದ್ದೇಶ.

ನಮ್ಮ ಓಣಿಯ ಮನೆಯೊಂದರಲ್ಲಿ ನಡೆದ ಸಂಗತಿ ಇದು. ನಿತ್ಯವೂ ಲಿಂಗಪೂಜೆ ತಪ್ಪದ ಮನೆ. ಹಿತ್ತಲಲ್ಲಿ ಬೆಕ್ಕೊಂದು ಮೂರು ಮರಿ ಹಾಕಿತ್ತು. ಯಜಮಾನರು ತಾಯಿ ಇಲ್ಲದ ಹೊತ್ತು ನೋಡಿ, ಇನ್ನೂ ಕಣ್ಣು ತೆರೆಯದ ಎರಡು ಮರಿಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಸಂತೆಯ ಬಯಲಿನಲ್ಲಿ ಬಿಟ್ಟು ಬಂದರು. ಮೂರನೆಯದು ಸೌದೆಯ ಸಂದಿನಲ್ಲಿ ಅಡಗಿದ್ದುದರಿಂದ ಕೈಗೆ ಸಿಗಲಿಲ್ಲ. ಬಂದವರು ಕೈಕಾಲು ತೊಳೆದು, "ಕೊಂದಿಲ್ಲವಲ್ಲ, ಬಿಟ್ಟು ಬಂದೆ" ಎಂದರು. ಆ ಚೀಲವನ್ನು ಕಂಡೂ ಸುಮ್ಮನಿದ್ದವರಲ್ಲಿ ಈ ಸಾಲುಗಳನ್ನು ಬರೆಯುತ್ತಿರುವವನೂ ಒಬ್ಬ. ಎರಡು ರಾತ್ರಿ ಆ ತಾಯಿ ಹಿತ್ತಲು, ಮಾಳಿಗೆ, ಓಣಿಯನ್ನೆಲ್ಲ ಸುತ್ತಿ ಕೂಗಿತು. ಮೂರನೆಯ ದಿನ ಆ ಮನೆಯ ವೃದ್ಧ ತಾಯಿ ಮಗನನ್ನು ಕರೆದು, "ಬಾಣಂತಿ ಐತಿ ಅದು. ಉಳಿದಿರೋ ಒಂದ್ ಕೂಸನ್ನರ ಅದಕ್ಕ ಬಿಡೋ ತಮ್ಮಾ" ಎಂದರು. ಶಾಸ್ತ್ರ ಓದದ ಆ ತಾಯಿಯ ಬಾಯಿಂದ ಬಂದ 'ಬಾಣಂತಿ' ಎಂಬ ಒಂದೇ ಪದ ನಮ್ಮೆಲ್ಲರ ಪಾಂಡಿತ್ಯಕ್ಕಿಂತ ದೊಡ್ಡದೆಂದು ಅಂದು ಅನಿಸಿತು.

ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕನ್ನು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂಬ ನಂಬಿಕೆ ನಮ್ಮ ಜನರಲ್ಲಿದೆ. ಈ ಭಯದಿಂದ ಯಾರೂ ಬೆಕ್ಕನ್ನು ಕೊಲ್ಲುವುದಿಲ್ಲ, ಬಿಟ್ಟು ಬರುತ್ತಾರೆ. ಕೊಲ್ಲುವ ಕೆಲಸವನ್ನು ಹಸಿವಿಗೆ, ಚಳಿಗೆ, ಬೀದಿನಾಯಿಗೆ ವಹಿಸಿ, ಪಾಪದ ಲೆಕ್ಕದಿಂದ ತಾವು ತಪ್ಪಿಸಿಕೊಂಡೆವೆಂದು ನೆಮ್ಮದಿಯಿಂದ ನಿದ್ರಿಸುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ನಾವು ಬೆಕ್ಕನ್ನು ಹಾಸ್ಯ ಮಾಡುತ್ತೇವೆ. ಇಲ್ಲಿ ಕಣ್ಣು ಮುಚ್ಚಿಕೊಂಡವರು ಯಾರು? ಶಿಲೆಯ ಸರ್ಪಕ್ಕೆ ಹಾಲು, ಜೀವಂತ ಸರ್ಪಕ್ಕೆ ಬಡಿಗೆ ಎಂಬ ನಡತೆಯನ್ನು ಬಸವಣ್ಣನವರು ವಚನವೊಂದರಲ್ಲಿ ಛೇಡಿಸಿದ್ದು ಇಂಥವರನ್ನು ಕುರಿತೇ. ಚಿನ್ನದ ಬೆಕ್ಕಿಗೆ ಅಂಜುವವರು ರಕ್ತಮಾಂಸದ ಬೆಕ್ಕಿಗೆ ಮರುಗುವುದಿಲ್ಲ.

ಬಿಟ್ಟು ಬರುವುದೆಂದರೆ ಏನೆಂಬುದನ್ನು ಸ್ವಲ್ಪ ತಿಳಿಯೋಣ. ಹುಟ್ಟಿದ ಬೆಕ್ಕಿನ ಮರಿಯ ತೂಕ 100 ಗ್ರಾಂ ಆಸುಪಾಸು. ಅದಕ್ಕೆ ಕಣ್ಣಿಲ್ಲ, ಕಿವಿ ಕೇಳದು. ಕಣ್ಣು ತೆರೆಯಲು 7ರಿಂದ 14 ದಿನಗಳು ಬೇಕು. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ತಾಯಿಯ ಹೊಟ್ಟೆಯೇ ಅದರ ಒಲೆ. ತಾಯಿ ನೆಕ್ಕದಿದ್ದರೆ ಮಲಮೂತ್ರ ವಿಸರ್ಜನೆಯೂ ಆಗದು. ಮೊದಲ ದಿನದ ಗಿಣ್ಣುಹಾಲಿನಲ್ಲಿಯೇ ಅದಕ್ಕೆ ರೋಗನಿರೋಧಕ ಶಕ್ತಿ ದೊರೆಯುತ್ತದೆ. ಇಂಥ ಜೀವವನ್ನು ಸಂತೆಯ ಬಯಲಿನಲ್ಲಿಟ್ಟು 'ಎಲ್ಲಾದರೂ ಬದುಕಿಕೊಳ್ಳಲಿ' ಎನ್ನುವುದು ಆಶೀರ್ವಾದವೇ? 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಸಕಾರಣವಿಲ್ಲದೆ ಪ್ರಾಣಿಯೊಂದನ್ನು ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ತೊರೆಯುವುದು ಅಪರಾಧ. ಕಾನೂನು ಹೇಳುವ ಮೊದಲೇ ನಮ್ಮ ಅಂತಃಕರಣ ಹೇಳಬೇಕಿತ್ತು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೊಂದುಂಟು. ಅದು ಒಳ್ಳೆಯವರ ತಪ್ಪು. ಮರಿಯೊಂದು ಒಂಟಿಯಾಗಿ ಬಿದ್ದಿರುವುದನ್ನು ಕಂಡ ಕೂಡಲೇ 'ಅನಾಥ' ಎಂದು ಎತ್ತಿಕೊಂಡು ಒಳಗೆ ತರುವುದು. ತಾಯಿ ಆಹಾರ ಹುಡುಕಲು ಹೋಗಿರಬಹುದು. ಕೆಲವು ಗಂಟೆ ಬಾರದೆಯೂ ಇರಬಹುದು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಹಿರಿಯರ ಮಾತಿನಲ್ಲಿ ಸತ್ಯಾಂಶವಿದೆ: ಅಪಾಯದ ಸುಳಿವು ಸಿಕ್ಕರೆ ಅದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ನಾವು ಎತ್ತಿ ತಂದದ್ದು ಆ ಸಾಗಣೆಯ ನಡುವಿನ ಮರಿಯೂ ಆಗಿರಬಹುದು. ಆದ್ದರಿಂದ ದೂರ ನಿಂತು ಕಾಯಬೇಕು. ಮರಿ ಹೊಟ್ಟೆ ತುಂಬಿ ಬೆಚ್ಚಗೆ ಮಲಗಿದ್ದರೆ ತಾಯಿ ಇದ್ದಾಳೆಂದೇ ಅರ್ಥ. ಮೈ ತಣ್ಣಗಾಗಿ ಎಡೆಬಿಡದೆ ಕೂಗುತ್ತಿದ್ದರೆ ಮಾತ್ರ ಕಾಯುವುದು ತರವಲ್ಲ.

ಆಗಲೂ ಆತುರ ಕೂಡದು. ತಣ್ಣಗಾದ ಮರಿಗೆ ಮೊದಲು ಬೇಕಾದುದು ಬಿಸುಪು, ಅನಂತರ ಹಾಲು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಮೈ ಬೆಚ್ಚಗಾದ ಮೇಲೆಯೇ ಹಾಲು ಕೊಡಬೇಕು. ಅದೂ ಆಕಳ ಹಾಲಲ್ಲ. ಅದು ಮರಿಗೆ ಜೀರ್ಣವಾಗದೆ ಭೇದಿ ಹತ್ತಿ, ಮೈಯ ನೀರು ಬತ್ತಿ ಪ್ರಾಣಕ್ಕೇ ಎರವಾಗುತ್ತದೆ. ಬೆಕ್ಕಿನ ಮರಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಪಶುವೈದ್ಯರಲ್ಲಿ ಕೇಳಿ ತಂದು, ಮೊದಲ ವಾರದಲ್ಲಿ ಹಗಲಿರುಳೆನ್ನದೆ ಎರಡು ಮೂರು ಗಂಟೆಗೊಮ್ಮೆ ಉಣಿಸಬೇಕು. ಮರಿಯನ್ನು ಅಂಗಾತ ಹಿಡಿಯದೆ ಬೋರಲಾಗಿಯೇ ಹಿಡಿಯಬೇಕು. ಇಲ್ಲವಾದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಒದ್ದೆ ಹತ್ತಿಯಿಂದ ಒರೆಸಿ ಮಲಮೂತ್ರ ಮಾಡಿಸಬೇಕು. ಒಬ್ಬ ತಾಯಿಬೆಕ್ಕು ಸದ್ದಿಲ್ಲದೆ ಮಾಡುವ ಕಾಯಕ ಇಷ್ಟು ದೊಡ್ಡದು. ಅವಳಿರುವಾಗ ಅವಳ ಕೆಲಸವನ್ನು ಕಸಿದುಕೊಳ್ಳುವುದೇಕೆ? ಮರಿಯನ್ನು ಉಳಿಸುವ ಸುಲಭ ದಾರಿಯೆಂದರೆ ತಾಯಿಯನ್ನು ಉಳಿಸುವುದು.

ಈಗ ಭಕ್ತಾದಿಗಳಲ್ಲಿ ಕೆಲವರಿಗೆ ಅಪ್ರಿಯವಾಗಬಹುದಾದ ಮಾತಿಗೆ ಬರುತ್ತೇನೆ. ತಾಯಿಬೆಕ್ಕಿಗೆ ನಾವು ಕೊಡುವುದೇನು? ಹಾಲನ್ನ, ಮೊಸರನ್ನ, ಬಹಳವಾದರೆ ತುಪ್ಪ ಸವರಿದ ರೊಟ್ಟಿಯ ತುಣುಕು. ನಮ್ಮ ಆಚಾರಕ್ಕೆ ಒಪ್ಪುವುದನ್ನು ಕೊಟ್ಟು ದಾಸೋಹ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಮಾಂಸ, ಮೀನುಗಳಲ್ಲಿರುವ ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕು ಕುರುಡಾಗುತ್ತದೆ. ಹೃದಯವೂ ಕೆಡುತ್ತದೆಂದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಲೂಡಿಸುವ ತಾಯಿಗೆ ಎಂದಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಹಾಲನ್ನದ ಮೇಲೆ ನಿಂತ ಬಾಣಂತಿ ತನ್ನ ಮೈಯನ್ನೇ ಕರಗಿಸಿ ಮರಿಗೆ ಹಾಲಾಗಿಸುತ್ತಾಳೆ. ಕೊನೆಗೆ ಆ ಹಾಲೂ ಬತ್ತುತ್ತದೆ.

"ಒಂದು ಜೀವ ಉಳಿಸಲು ಇನ್ನೊಂದು ಜೀವ ತೆಗೆಯುವುದೇ?" ಎಂದು ಕೇಳುವ ಭಕ್ತರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದುದು, ಅದನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಆದರೆ ಬೆಕ್ಕಿನ ಹಸಿವನ್ನು ನಿರ್ಮಿಸಿದವರು ನಾವಲ್ಲ. ನಾವು ಹಾಲನ್ನ ಇಟ್ಟೊಡನೆ ಅದು ಸಸ್ಯಾಹಾರಿಯಾಗುವುದಿಲ್ಲ. ಹಿತ್ತಲ ಅಳಿಲನ್ನೋ ಗೂಡಿನ ಗುಬ್ಬಚ್ಚಿಯನ್ನೋ ಹಿಡಿಯುತ್ತದೆ. ಜೀವ ಹೋಗುವುದು ತಪ್ಪಲಿಲ್ಲ, ನಮ್ಮ ಕಣ್ಣಿಗೆ ಬೀಳುವುದು ಮಾತ್ರ ತಪ್ಪಿತು. ವ್ರತ ನಮ್ಮದು, ಅದರ ಭಾರ ನಮ್ಮ ಹೆಗಲ ಮೇಲಿರಬೇಕು. ನಮ್ಮ ವ್ರತವನ್ನು ಇನ್ನೊಂದು ಜೀವದ ಹೊಟ್ಟೆಯ ಮೇಲೆ ಹೇರಿ, ಅದರ ಮರಿ ಸತ್ತಾಗ 'ಅದರ ಆಯುಷ್ಯ ಅಷ್ಟೇ' ಎನ್ನುವುದು ಆಚಾರವಲ್ಲ, ಅಹಂಕಾರ. ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಒಣ ಆಹಾರದಲ್ಲಿ ಟಾರಿನ್ ಇರುತ್ತದೆ. ಅದೂ ಮಾಂಸ ಮೀನುಗಳಿಂದಲೇ ಆದುದು ಎಂಬುದನ್ನು ಮರೆಮಾಚಬೇಕಿಲ್ಲ. ಅದನ್ನು ಹಿತ್ತಲಲ್ಲಿ ಪ್ರತ್ಯೇಕ ಬಟ್ಟಲಲ್ಲಿ ಇಡಬಹುದು. ಅಷ್ಟಕ್ಕೂ ಮನಸ್ಸು ಒಪ್ಪದವರು ಮೀನು ಮಾಂಸ ಉಣ್ಣುವ ನೆರೆಮನೆಯವರ ನೆರವು ಕೇಳಲಿ. ಹಾಗೆ ಕೇಳುವುದರಲ್ಲಿ ಕೀಳರಿಮೆ ಬೇಡ. ಬಾಣಂತಿಯ ಹೊಟ್ಟೆ ತುಂಬಿಸಲು ಓಣಿಯೇ ಒಂದಾಗುವುದು ನಮ್ಮ ಊರುಗಳಿಗೆ ಹೊಸತೇನಲ್ಲ.

ಉಳಿದ ಆರೈಕೆ ಸರಳ. ಗಾಳಿ ಮಳೆ ತಾಕದ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಹಳೆಯ ಹತ್ತಿ ಬಟ್ಟೆ, ಪಕ್ಕದಲ್ಲಿ ಶುದ್ಧ ನೀರು. ಮಕ್ಕಳು ಮರಿಯನ್ನು ಪದೇ ಪದೇ ಎತ್ತದಂತೆ ನೋಡಿಕೊಳ್ಳಬೇಕು. ಹೆದರಿದ ತಾಯಿ ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಬೇಕು. ನಾಲ್ಕನೆಯ ವಾರದಿಂದ ಮರಿ ಮೆತ್ತಗಿನ ಆಹಾರ ನೆಕ್ಕತೊಡಗುತ್ತದೆ. ಎಂಟನೆಯ ವಾರದವರೆಗೆ ಅದನ್ನು ತಾಯಿಯಿಂದ ಅಗಲಿಸಬಾರದು. ನಮ್ಮಿಂದ ಬೇಡುವುದು ಎರಡು ತಿಂಗಳ ಸಹನೆಯನ್ನು ಮಾತ್ರ.

ಆ ಬಳಿಕ ಒಂದು ಕರ್ತವ್ಯ ಉಳಿಯುತ್ತದೆ: ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು. ಹಾಲೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗರ್ಭ ಧರಿಸಬಲ್ಲದು. ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಆದ್ದರಿಂದ ಯಾವಾಗ ಮಾಡಿಸಬೇಕೆಂದು ಪಶುವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳಿತು. "ಸೃಷ್ಟಿನಿಯಮಕ್ಕೆ ಕೈ ಹಾಕಬಾರದು" ಎಂದು ಇದಕ್ಕೆ ಆಕ್ಷೇಪಿಸುವವರುಂಟು. ವರ್ಷಕ್ಕೆ ಎರಡು ಮೂರು ಬಾರಿ ಗೋಣಿಚೀಲ ಹಿಡಿದು ಹೊರಡುವವರು ಸೃಷ್ಟಿನಿಯಮದ ಮಾತಾಡಬಹುದೇ? ಅನ್ನಕ್ಕಾಗಿ ಜೀವ ಹೋಗುವುದರ ಕುರಿತು ನಿಜವಾಗಿ ಮರುಗುವವರಿಗೂ ಉತ್ತರ ಇಲ್ಲಿಯೇ ಇದೆ. ಸಾಕಲಾಗದ ಮರಿ ಹುಟ್ಟದಿದ್ದರೆ ಅದಕ್ಕಾಗಿ ಇನ್ನೊಂದು ಜೀವ ಹೋಗದು, ಅದೂ ಹಸಿದು ಸಾಯದು.

ಸದ್ಭಕ್ತರೇ, ಬಾಗಿಲಿಗೆ ಬಂದ ಜಂಗಮನ ಜಾತಿ ಕೇಳಬಾರದೆಂದು ಕಲಿತವರು ನಾವು. ಹಿತ್ತಲಿಗೆ ಬಂದ ಬಾಣಂತಿಯ ಜಾತಿಯನ್ನು ಕೇಳುವುದೇಕೆ? ಅಂದು ಸೌದೆಯ ಸಂದಿನಲ್ಲಿ ಉಳಿದ ಆ ಒಂದು ಮರಿ ಇಂದು ನಮ್ಮ ಓಣಿಯ ಗೋಡೆಗಳ ಮೇಲೆ ಓಡಾಡುತ್ತಿದೆ. ಅದನ್ನು ಕಂಡಾಗಲೆಲ್ಲ ಉಳಿದೆರಡರ ನೆನಪಾಗಿ ತಲೆ ತಗ್ಗುತ್ತದೆ. ಮುಂದೆ ಯಾರ ಕೈಯಲ್ಲಿಯಾದರೂ ಅಂಥ ಚೀಲವನ್ನು ಕಂಡರೆ ಸುಮ್ಮನಿರಬೇಡಿ. ತಡೆದು ನಿಲ್ಲಿಸಿ, ಆ ಮರಿಗಳನ್ನು ಮರಳಿ ತಾಯಿಯ ಮಗ್ಗುಲಿಗೆ ಸೇರಿಸಿ.